ಕುರ್ಚಿ, ಚಹಾ ಮತ್ತು ಅವ್ವನ ಮೊಣಕಾಲು

ಒಂದು ವಯಸ್ಸು ಬಂದಮೇಲೆ ಪ್ರತಿಯೊಬ್ಬನಿಗೂ ಯಾವುದಾದರೂ ಒಂದು ವಿಷಯದಲ್ಲಿ ತಾನು ಪಂಡಿತ ಎಂಬ ಭ್ರಮೆ ಹುಟ್ಟುತ್ತದೆ. ಕೆಲವರಿಗೆ ಎತ್ತಿನ ಹಲ್ಲು ನೋಡುವುದರಲ್ಲಿ, ಕೆಲವರಿಗೆ ಮಳೆ ಹೇಳುವುದರಲ್ಲಿ, ಹೆಚ್ಚಿನವರಿಗೆ ಪಕ್ಕದ ಮನೆಯವರ ಸಂಸಾರ ಸರಿಪಡಿಸುವುದರಲ್ಲಿ. ನನ್ನ ಪಾಂಡಿತ್ಯವೇ ಬೇರೆ. ಕೆಲಸ ಕೊಡುವ ಸಾಹೇಬರಲ್ಲಿ ನಿಜವಾಗಿ ಕರುಳುಳ್ಳವರು ಯಾರು, ಬರೀ ಸವಿಮಾತಿನವರು ಯಾರು ಎಂಬುದನ್ನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಹೇಳಬಲ್ಲೆ ಎಂದು ಹನ್ನೊಂದು ವರ್ಷ ಹುಕ್ಕೇರಿಯ ತುಂಬ ಹೇಳಿಕೊಂಡು ತಿರುಗಿದ್ದೇನೆ. ಕೆಲಸ ಹುಡುಕುವ ತರುಣರು ಕ್ಷೌರದ ಅಂಗಡಿಯಲ್ಲಿ ನನ್ನನ್ನು ಹಿಡಿದು ಸಲಹೆ ಕೇಳುತ್ತಿದ್ದರು. ನಾನು ಅರ್ಧ ಬೋಳಿಸಿದ ಗಲ್ಲದಲ್ಲಿಯೇ ಉಪದೇಶ ಮಾಡುತ್ತಿದ್ದೆ: "ಕುರ್ಚಿ ಕೊಟ್ರ ಹುಷಾರ್. ಚಹಾ ತರಿಸಿದ್ರ ಕೆಲಸ ಇಲ್ಲ ಅಂತ ತಿಳಿ. ನಿಮ್ಮವ್ವ ಹ್ಯಾಂಗ ಅದಾಳ ಅಂತ ಕೇಳಿದ್ರ ಚೀಲಾ ತಗೊಂಡು ಎದ್ದ ಬಿಡು." ಇಂಥ ವಿಚಿತ್ರ ಸಿದ್ಧಾಂತ ನನಗೆ ಹೇಗೆ ಬಂತು, ಹೋದ ತಿಂಗಳು ಅದು ಹೇಗೆ ಬುಡಸಮೇತ ಕಿತ್ತುಹೋಯಿತು ಎಂಬುದನ್ನು ನಿಮ್ಮ ಮುಂದೆ ಹೇಳಿಕೊಳ್ಳದೆ ನನಗೆ ಊಟ ಸೇರುವಂತಿಲ್ಲ. ಆದ ಆಘಾತ ಇನ್ನೂ ಇಳಿದಿಲ್ಲ. ನಿನ್ನೆ ಕೂಡ ಮಜ್ಜಿಗೆ ಎಂದು ತಿಳಿದು ಬಟ್ಟೆಗೆ ಗಂಜಿ ಹಾಕುವ ನೀರು ಕುಡಿದೆನೆಂದು ಮನೆಯವಳು ಹೇಳುತ್ತಾಳೆ.

ನಮ್ಮದು ಕಲ್ಲೋಳಿ. ಕುರಿ ಕಾಯುವ ಮನೆತನ. ನಮ್ಮ ಅಪ್ಪ ನೂರಾ ನಲವತ್ತು ಕುರಿಗಳನ್ನು ಮುಖ ನೋಡಿ ಗುರುತಿಸುತ್ತಿದ್ದ. ಕತ್ತಲಲ್ಲಾದರೆ ಬೆನ್ನ ಮೇಲೆ ಕೈಯಾಡಿಸಿ, ಇದು ಇಂಥ ಕುರಿಯ ಮಗಳು, ಹೋದ ವರ್ಷ ಇದಕ್ಕೆ ಕಾಲು ಉಳುಕಿತ್ತು ಎಂದು ಜಾತಕ ಹೇಳುತ್ತಿದ್ದ. ನನಗೆ ಮಾತ್ರ ಎಲ್ಲ ಕುರಿಗಳೂ ಒಂದೇ ಕುರಿ. ಅವುಗಳಿಗೂ ನನ್ನ ಮೇಲೆ ಗೌರವ ಇರಲಿಲ್ಲ. ನಾನು "ಹುರ್ರ್" ಎಂದರೆ ನಿಂತು ನನ್ನನ್ನೇ ನೋಡುತ್ತಿದ್ದವು. ಈ ಕಾರಣಕ್ಕಾಗಿಯೇ ಅಪ್ಪ ನನ್ನನ್ನು ಸಾಲೆಗೆ ಹಾಕಿದ. ಹಾಗೂ ಹೀಗೂ ಮ್ಯಾಟ್ರಿಕ್ ಪಾಸಾದೆ. ನಮ್ಮ ಓಣಿಯಲ್ಲಿ ಮ್ಯಾಟ್ರಿಕ್ ಪಾಸಾದ ಮೊದಲನೆಯವ ನಾನೇ. ನಮ್ಮ ಕಡೆಯ ಊರುಗಳು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದ ಹೊಸದು ಅದು. ಇನ್ನು ಕನ್ನಡ ಬಲ್ಲವರಿಗೆ ಕಚೇರಿಗಳ ಬಾಗಿಲು ತಾನಾಗಿ ತೆರೆಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಬಾಗಿಲು ತೆರೆಯುವುದನ್ನೇ ಕಾಯುತ್ತ ಕಟ್ಟೆಯ ಮೇಲೆ ಕೂತೆ. ಅಪ್ಪ ಎರಡು ವರ್ಷ ನೋಡಿದ. ಮೂರನೆಯ ಮಳೆಗಾಲದಲ್ಲಿ ಒಂದು ದಿನ ಕಂಬಳಿ ಝಾಡಿಸುತ್ತ ಹೇಳಿದ: "ಮಾಯಪ್ಪಾ, ದೀವಳಿಗಿ ಮುಗಿದ ಐದನೇ ದಿನಕ್ಕ ಹಿಂಡು ಹೊರಡತೈತಿ. ಅಷ್ಟರಾಗ ಒಂದು ನೌಕರಿ ಹಿಡದಿ, ನೀ ನಿನ್ನ ದಾರಿ. ಹಿಡೀಲಿಲ್ಲ, ಬಡಿಗಿ ತಗೊಂಡು ನನ್ನ ಬೆನ್ನ ಹಿಂದ ನಡಿ." ಆರು ತಿಂಗಳು ಹೊಲದಿಂದ ಹೊಲಕ್ಕೆ ನಡೆಯುವುದು, ಬಯಲಲ್ಲಿ ಮಲಗುವುದು ಇವೆಲ್ಲ ಹೋಗಲಿ. ನೂರಾ ನಲವತ್ತು ಕುರಿಗಳು ಆರು ತಿಂಗಳ ಕಾಲ ಹಗಲೆಲ್ಲ ನನ್ನನ್ನು ಹಾಗೆ ನೋಡುತ್ತಿರುತ್ತವಲ್ಲ ಎಂಬುದೇ ನನಗೆ ತಡೆಯದಾಯಿತು.

ಆಗ ನೆನಪಾದವರು ಪಂತಕಾಕಾ. ಅವರು ಹಿಂದೆ ನಮ್ಮ ಕಡೆಯ ಏಳೆಂಟು ಊರುಗಳ ಕುಲಕರ್ಣಿಕಿ ಮಾಡಿದವರು. ಯಾರ ಹೊಲ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅವರ ನಾಲಿಗೆಯ ಮೇಲಿತ್ತು. ಆದ್ದರಿಂದ ಗೋಕಾಕದಿಂದ ಹುಕ್ಕೇರಿಯತನಕ ಅವರ ಮಾತು ತೆಗೆದುಹಾಕುವವರು ಇರಲಿಲ್ಲ. ವಯಸ್ಸಾಗಿ ಕಣ್ಣು ಮಂಜಾಗಿತ್ತು. ಅಚ್ಚಿನ ಅಕ್ಷರ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬರುವ ಪೇಪರನ್ನು ದಿನಾ ಸಂಜೆ ಅವರ ಪಡಸಾಲೆಯಲ್ಲಿ ಕೂತು ನಾನೇ ಓದಿ ಹೇಳುತ್ತಿದ್ದೆ. ಓದಿ ಹೇಳುವುದೆಂದರೆ ಸುಮ್ಮನೆ ಅಲ್ಲ. ಮಂತ್ರಿಯ ಭಾಷಣ ಬಂದರೆ ಕಾಕಾ ನಡುವೆ ತಡೆದು ಮಂತ್ರಿಗೆ ಉತ್ತರ ಕೊಡುತ್ತಿದ್ದರು. ಮಂತ್ರಿಯ ಪರವಾಗಿ ನಾನು ಮತ್ತೆ ಉತ್ತರ ಕೊಡಬೇಕಾಗಿತ್ತು. ಹೀಗಾಗಿ ಒಂದೊಂದು ದಿನ ಎರಡನೆಯ ಪುಟ ಮುಟ್ಟುವುದರೊಳಗೆ ದೀಪ ಹಚ್ಚುವ ಹೊತ್ತಾಗುತ್ತಿತ್ತು. ನೌಕರಿಯ ಸಂಕಟ ಹೇಳಿಕೊಂಡಾಗ ಕಾಕಾ ಒಂದು ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡರು. ಆಮೇಲೆ ಹೇಳಿದರು: "ನೌಕರಿ ಸಿಗೋದು ದೊಡ್ಡ ಮಾತಲ್ಲ ಮಾಯಪ್ಪಾ. ಚಲೋ ಮನಷಾ ಸಿಗೋದು ದೊಡ್ಡ ಮಾತು. ಗುರ್ತು ಹೇಳ್ತೀನಿ, ಕೇಳು. ಯಾರು ನಿನ್ನ ಕೂಡಿಸಿ ಮಾತಾಡ್ತಾರ, ಯಾರು ಚಹಾ ಕೊಡ್ತಾರ, ಯಾರು ನಿಮ್ಮವ್ವನ ಆರೋಗ್ಯ ಕೇಳ್ತಾರ, ಅವರು ಅಂತಃಕರಣದ ಮಂದಿ." ನಾನು ಈ ಮೂರನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡೆ.

ಅಷ್ಟೇ ಅಲ್ಲ, ಕಾಕಾ ನನಗೊಂದು ಶಿಫಾರಸು ಕಾಗದ ಬರೆದುಕೊಟ್ಟರು. ಅದು ಮೋಡಿ ಲಿಪಿಯಲ್ಲಿತ್ತು. ಈಗಿನವರಿಗೆ ಮೋಡಿ ಎಂದರೆ ಗೊತ್ತಿರಲಿಕ್ಕಿಲ್ಲ. ಹಿಂದಿನ ಕಾರಕೂನರು, ವ್ಯಾಪಾರಸ್ಥರು ಮರಾಠಿ ಲೆಕ್ಕಪತ್ರಗಳನ್ನೆಲ್ಲ ಬರೆಯುತ್ತಿದ್ದ ಲಿಪಿ ಅದು. ಮೊದಲು ಹಾಳೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದು, ಆಮೇಲೆ ಲೇಖನಿ ಎತ್ತದೆ ಅಕ್ಷರಗಳನ್ನು ಅದಕ್ಕೆ ತೂಗಹಾಕುತ್ತ ಹೋಗುವುದು. ಇದಕ್ಕೆ ಕಾಕಾನಿಗೆ ಕಣ್ಣು ಬೇಕಾಗಿರಲಿಲ್ಲ. ಐವತ್ತು ವರ್ಷ ಬರೆದ ಕೈ ತಾನೇ ಓಡಿತು. ಒಂದು ಪುಟ ತುಂಬಿತು, ಹಿಂದೆ ಹೊರಳಿಸಿ ಅರ್ಧ ಪುಟ ಬರೆದರು. ನನ್ನ ಬಗ್ಗೆ ಹೇಳುವುದು ಇಷ್ಟೊಂದು ಇದೆಯೇ ಎಂದು ನನಗೇ ನಾಚಿಕೆಯಾಯಿತು. ನನಗೆ ಮೋಡಿ ಒಂದಕ್ಷರವೂ ಬರುತ್ತಿರಲಿಲ್ಲ. ಇನ್ನೊಬ್ಬರ ಕಡೆ ಓದಿಸೋಣವೆಂದರೆ ನಮ್ಮ ಹೊಗಳಿಕೆಯನ್ನು ನಾವೇ ಓದಿಸಿಕೊಂಡು ಕೇಳುವುದು ಸಭ್ಯತೆಯಲ್ಲ ಎನಿಸಿತು. ಮನೆಗೆ ಬಂದು ಅವ್ವನ ಮುಂದೆ ಹಾಳೆ ಬಿಚ್ಚಿ, ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ನೋಡವ್ವಾ, ನನ್ನ ಹೆಸರು ಐತಿ" ಎಂದೆ. ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಆದರೆ ಆ ಸಾಲು ಎಲ್ಲಕ್ಕಿಂತ ಚೆಂದ ಕಂಡಿತ್ತು. ಅವ್ವ ಆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮೊದಲು ಹೋದದ್ದು ಮೂಡಲಗಿಗೆ. ಅಲ್ಲಿ ರೈತರ ಮಾಲು ಮಾರಿಕೊಡುವ ಒಬ್ಬ ಅಡತಿ ವ್ಯಾಪಾರಿಗೆ ಗುಮಾಸ್ತ ಬೇಕಾಗಿದ್ದ. ಅಂಗಡಿಯ ತುಂಬ ಮೆಣಸಿನಕಾಯಿ ಚೀಲ. ನಾನು ಒಳಗೆ ಕಾಲಿಟ್ಟವನೇ ಸೀನುತ್ತ ನಿಂತೆ. ಸಾವಕಾರರು ನನ್ನ ಕಡೆ ನೋಡಲೂ ಇಲ್ಲ. "ಯಾರು? ಏನು ಬೇಕು?" ಎಂದು ಗದರಿದರು. ಕಾಗದ ಕೊಟ್ಟೆ. ಓದಿದರು. ಮುಖದ ಬಣ್ಣವೇ ಬದಲಾಯಿತು. "ಅಯ್ಯ, ನಿಂತ ಯಾಕ ಮಾತಾಡ್ತಿ ತಮ್ಮಾ, ಕೂಡು" ಎಂದು ತಾವೇ ಎದ್ದು ಕುರ್ಚಿ ಎಳೆದರು. ಅದರ ಒಂದು ಕಾಲು ಮೊಂಡಾಗಿತ್ತು. ನಾನು ಮೈಭಾರವೆಲ್ಲ ಒಂದೇ ಕಡೆ ಹಾಕಿ ಕೂತೆ. ಚಹಾ ಬಂತು, ಕಪ್ಪಿನಿಂದ ಕೆಳಗಿನ ಬಶಿಯ ತುಂಬ ಚೆಲ್ಲಿಕೊಂಡು ಬಂತು. "ನಿಮ್ಮವ್ವ ಅರಾಮ ಅದಾಳ?" ಎಂದರು. ನನಗೆ ರೋಮಾಂಚನವಾಯಿತು. ಒಂದು, ಎರಡು, ಮೂರು! ಮೂರೂ ಗುರುತು ಒಂದೇ ಏಟಿಗೆ ಸಿಕ್ಕವು. ಅರ್ಧ ತಾಸು ಮಾತಾಡಿಸಿ, ಕೊನೆಗೆ ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟು, "ಕಾಗದ ಭಾಳ ಚಲೋ ಐತಿ. ಜ್ವಾಕಿ ಇಟ್ಕೋ. ಎಲ್ಲಿ ಹೋದರೂ ಮೊದಲ ಇದನ್ನ ತೋರಸು. ನಮ್ಮ ಕಡಿ ಸದ್ಯ ಜಾಗಾ ಇಲ್ಲ ನೋಡು" ಎಂದು ಬಾಗಿಲತನಕ ಬಂದು ಕಳಿಸಿದರು. ನಾನು ಕುಣಿಯುತ್ತ ಮನೆಗೆ ಬಂದೆ. ಅಪ್ಪ ಒಂದೇ ಮಾತು ಕೇಳಿದ: "ಮತ್ತ ಯಾವಾಗ ಬಾ ಅಂದ್ರು?" ನಾನು ಅವನ ಅರಸಿಕತೆಗೆ ಮರುಗಿದೆ.

ಎರಡನೆಯದು ಗೋಕಾಕ. ಅಲ್ಲಿ ಒಬ್ಬರು ಬಟ್ಟೆಯ ದೊಡ್ಡ ದುಕಾನು ಇಟ್ಟಿದ್ದರು. ಅವರೂ ಕಾಗದ ಓದುವವರೆಗೆ ಕಬ್ಬಿಣದ ಮನುಷ್ಯ, ಓದಿದ ಮೇಲೆ ಬೆಣ್ಣೆ. ಗಾದಿಯ ಮೇಲೆ ಪಕ್ಕದಲ್ಲೇ ಕೂಡಿಸಿಕೊಂಡರು. ಚಹಾದ ಜೊತೆ ಕರದಂಟು ತರಿಸಿದರು. ಅದು ನನ್ನ ದವಡೆಗೆ ಹತ್ತಿಕೊಂಡು ನಾನು ಮಾತಾಡಲಾರದೆ ಕೂತಿದ್ದಾಗ ಅವರು ಕೇಳಿದ ಮಾತು ನನ್ನನ್ನು ದಂಗುಬಡಿಸಿತು. "ಅವ್ವನ ಮಣಕಾಲು ಬ್ಯಾನಿ ಈಗ ಹ್ಯಾಂಗ ಐತಿ?" ಎಂದರು. ನಾನು ಕಣ್ಣರಳಿಸಿ ನೋಡಿದೆ. ಅವ್ವನಿಗೆ ಮೊಣಕಾಲು ನೋವಿರುವುದು ಕಲ್ಲೋಳಿಯಲ್ಲೇ ನಾಲ್ಕು ಮನೆಗೆ ಗೊತ್ತಿಲ್ಲ. ಈ ಪುಣ್ಯಾತ್ಮನಿಗೆ ಹೇಗೆ ಗೊತ್ತಾಯಿತು? ನಿಜವಾದ ಅಂತಃಕರಣದವರಿಗೆ ಇನ್ನೊಬ್ಬರ ನೋವು ಹೇಳದೆಯೇ ತಿಳಿಯುತ್ತದೆ ಎಂದು ನಾನು ತೀರ್ಮಾನಿಸಿದೆ. ಕಣ್ಣಲ್ಲಿ ನೀರು ಬಂತು. ಕರದಂಟು ನುಂಗಲೂ ಆಗದೆ ಉಗುಳಲೂ ಆಗದೆ ಅತ್ತೆ. ಅವರು ನನ್ನ ಬೆನ್ನು ತಟ್ಟಿ, ಎಳ್ಳೆಣ್ಣೆ ಕಾಯಿಸಿ ಹಚ್ಚಲು ಹೇಳಿ, ಕಾಗದ ಮಡಚಿ ಕೈಗೆ ಕೊಟ್ಟು ಕಳಿಸಿದರು. ಕೆಲಸದ ಮಾತು ಬರಲೇ ಇಲ್ಲ ಎಂಬುದು ನನಗೆ ನೆನಪಾದದ್ದು ಊರ ಹತ್ತಿರ ಬಂದಮೇಲೆ. ಧುಪದಾಳದಲ್ಲಿ ಕಾಲುವೆ ದುರಸ್ತಿಯ ಗುತ್ತೇದಾರನೊಬ್ಬನ ಹತ್ತಿರವೂ ಹಾಗೆಯೇ ಆಯಿತು. ಕುರ್ಚಿ ಇರಲಿಲ್ಲವೆಂದು ಪಾಪ, ಒಂದು ಸಿಮೆಂಟ್ ಚೀಲದ ಮೇಲೆ ತನ್ನ ಟವೆಲ್ ಹಾಸಿ ಕೂಡಿಸಿದ. ಚಹಾ, ಅವ್ವ, ಮೊಣಕಾಲು ಎಲ್ಲ ಕ್ರಮವಾಗಿ ಬಂದವು. ಎರಡು ತಿಂಗಳಲ್ಲಿ ನಾನು ಮೂವರು ದೇವರಂಥ ಮನುಷ್ಯರನ್ನು ಕಂಡಿದ್ದೆ. ನೌಕರಿ ಮಾತ್ರ ಕಂಡಿರಲಿಲ್ಲ. ಸಂಜೆ ಬಂದು ಒಬ್ಬೊಬ್ಬರ ಅಂತಃಕರಣವನ್ನೂ ಕಾಕಾನ ಮುಂದೆ ಬಣ್ಣಿಸುತ್ತಿದ್ದೆ. ಅವರು "ಹೌದಾ? ಚಹಾನೂ ಕೊಟ್ಟರಾ?" ಎಂದು ಕೇಳಿ, "ಆತು, ಪೇಪರ್ ತಗಿ" ಎನ್ನುತ್ತಿದ್ದರು.

ದೀಪಾವಳಿಗೆ ಇಪ್ಪತ್ತು ದಿನ ಉಳಿದಿದ್ದಾಗ ಹುಕ್ಕೇರಿಗೆ ಹೋದೆ. ಅಲ್ಲಿ ಒಬ್ಬ ವಕೀಲರಿಗೆ ಕಾರಕೂನ ಬೇಕಾಗಿದ್ದ. ಇವರ ವಿಷಯದಲ್ಲಿ ನನ್ನ ಲೆಕ್ಕಾಚಾರ ಬಾಗಿಲಲ್ಲಿಯೇ ಮುಗಿದುಹೋಯಿತು. ವಕೀಲ ಸಾಹೇಬರು ಅಂಗಳದಲ್ಲಿ ನಿಂತು ಬೇವಿನ ಕಡ್ಡಿಯಿಂದ ಹಲ್ಲು ಉಜ್ಜುತ್ತಿದ್ದರು. ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ, ಹಲ್ಲು ಉಜ್ಜುವುದು ಮುಗಿಸಿ, ಮುಖ ತೊಳೆದು, ಒಳಗೆ ಹೋಗಿ ತಾವೊಬ್ಬರೇ ಚಹಾ ಕುಡಿದು ಬಂದರು. ಚಹಾದ ವಾಸನೆ ಮಾತ್ರ ನನಗೆ ಬಂತು. ಕಾಗದ ಕೊಟ್ಟೆ. ನಿಂತೇ ಓದಿದರು. ಹಾಳೆ ಹೊರಳಿಸಿ ಹಿಂಬದಿಯದನ್ನೂ ಓದಿದರು. ಕೊನೆಗೆ ಮೀಸೆಯ ಅಡಿಯಲ್ಲಿ ಏನೋ ಅಲುಗಾಡಿದಂತಾಯಿತು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದರಾಗ ಏನೈತಿ, ಗೊತ್ತೈತೇನ?"

"ಇಲ್ರೀ ಸಾಹೇಬ್ರ. ನನಗ ಮೋಡಿ ಬರಂಗಿಲ್ರಿ."

"ಎಷ್ಟ ದಿನಾತು ಇದನ್ನ ಹೊತ್ತು ತಿರಗಾಕತ್ತಿ?"

"ಎರಡು ತಿಂಗಳಾತ್ರಿ."

"ಕತ್ತೀ!" ಎಂದು ನನ್ನನ್ನು ಕತ್ತೆ ಮಾಡಿ ಅವರು ಕೂಗಿದ್ದಕ್ಕೆ ಬೇವಿನ ಗಿಡದ ಕಾಗೆ ಹಾರಿಹೋಯಿತು. "ಎರಡು ತಿಂಗಳು ಎದಿ ಮ್ಯಾಲ ಇಟ್ಕೊಂಡು ತಿರಗೀದಿ, ಒಳಗ ಏನೈತಿ ಅಂತ ಒಬ್ಬರನರ ಕೇಳಬೇಕು ಅನಸಲಿಲ್ಲ? ಕೇಳು, ಓದ್ತೇನಿ!"

ಓದಿದರು. ಮರಾಠಿಯನ್ನು ಕನ್ನಡಕ್ಕೆ ತಿರುಗಿಸುತ್ತ, ಒಂದೊಂದು ಸಾಲಿಗೂ ನನ್ನ ಮುಖ ನೋಡುತ್ತ ಓದಿದರು. ಕಾಗದದಲ್ಲಿ ಹೀಗಿತ್ತು: "ಇದನ್ನು ತಂದ ಮಾಯಪ್ಪ ಎಂಬ ಹುಡುಗ ಬಹಳ ಒಳ್ಳೆಯವನು. ನನಗೆ ಕಣ್ಣು ಕಾಣುವುದಿಲ್ಲ. ದಿನಾ ಪೇಪರ್ ಓದಿ ಹೇಳುವವನು ಇವನೊಬ್ಬನೇ. ಇವನಿಗೆ ನೀವು ನೌಕರಿ ಕೊಟ್ಟರೆ ನನ್ನ ಪಾಲಿಗೆ ಲೋಕವೇ ಕತ್ತಲಾಗುತ್ತದೆ. ಆದ್ದರಿಂದ ದಯಮಾಡಿ ಕೆಲಸ ಕೊಡಬಾರದು. ಆದರೆ ಹುಡುಗನದು ನೊಂದುಕೊಳ್ಳುವ ಸ್ವಭಾವ. ನೋಯಿಸಬೇಡಿರಿ. ಕುರ್ಚಿ ಕೊಟ್ಟು ಕೂಡಿಸಿರಿ. ಚಹಾ ಕೊಡಿರಿ. ಅವನ ತಾಯಿಗೆ ಮೊಣಕಾಲು ನೋವು ಇದೆ, ಅದನ್ನು ವಿಚಾರಿಸಿರಿ. ಕಾಗದ ತಿರುಗಿ ಅವನ ಕೈಗೇ ಕೊಡಿರಿ, ಮುಂದಿನವರಿಗೆ ಬೇಕಾಗುತ್ತದೆ."

ನಾನು ಆ ಬಿಸಿಲಲ್ಲಿ ತಣ್ಣಗಾಗಿ ಹೋದೆ. ನನ್ನ ಮೂವರು ದೇವರುಗಳು ಒಬ್ಬರ ಹಿಂದೊಬ್ಬರು ಕಣ್ಣೆದುರೇ ಉದುರಿದರು. ಆ ಕುರ್ಚಿ, ಆ ಬಶಿ ತುಂಬಿದ ಚಹಾ, ಹಾಸಿದ ಟವೆಲ್, ಎಲ್ಲಕ್ಕಿಂತ ಹೆಚ್ಚಾಗಿ ಆ ಮೊಣಕಾಲು! ನಾನು ಯಾರ ಮುಂದೆ ಕರದಂಟು ಬಾಯಲ್ಲಿಟ್ಟುಕೊಂಡು ಅತ್ತಿದ್ದೆನೋ ಅವರು ನನ್ನ ಕಣ್ಣೀರನ್ನಲ್ಲ, ಕಾಗದದ ಸಾಲನ್ನು ನೋಡಿ ಮರುಗಿದ್ದರು. ಧೈರ್ಯಮಾಡಿ ಹತ್ತಿರ ಹೋಗಿ, ಅವ್ವ ಕಣ್ಣಿಗೊತ್ತಿಕೊಂಡ ಸಾಲಿನ ಮೇಲೆ ಬೆರಳಿಟ್ಟು, "ಸಾಹೇಬ್ರ, ಇಲ್ಲಿ ನನ್ನ ಹೆಸರು ಐತೇನ್ರಿ?" ಎಂದೆ. ಅವರು ಬಗ್ಗಿ ನೋಡಿ, "ದಯಮಾಡಿ ಕೆಲಸ ಕೊಡಬಾರದು ಅಂತ ಐತಿ" ಎಂದರು. ಆಮೇಲೆ ಕಾಗದವನ್ನು ನನಗೆ ಕೊಡಲಿಲ್ಲ. ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. "ನನ್ನ ಕಡಿ ಬರೂ ಹಳೇ ಖರೀದಿಪತ್ರ ಎಲ್ಲಾ ಮೋಡ್ಯಾಗ ಅದಾವು. ಓದಾಕ ಬರದವ ನನಗ ಉಪಯೋಗಿಲ್ಲ. ಹದಿನೈದು ದಿನದಾಗ ಮೋಡಿ ಕಲತು ಬಾ, ಇಟ್ಕೋತೇನಿ. ಬರಲಿಲ್ಲ, ಕುರಿ ಕಾಯಾಕ ಹೋಗು. ಕುರೀ ಮುಂದ ಯಾರೂ ಕಾಗದ ಒಯ್ಯಂಗಿಲ್ಲ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನೋಡಿ, ಆ ಕ್ಷಣದಲ್ಲಿ ನನ್ನ ಹೊಸ ಸಿದ್ಧಾಂತ ಹುಟ್ಟಿತು. ಬೈದವನೇ ನಿಜವಾದ ಕರುಳಿನವನು. ಉಳಿದವರೆಲ್ಲ ಹೇಳಿಕೊಟ್ಟದ್ದನ್ನು ಮಾಡಿದರು, ಇವರೊಬ್ಬರು ತಮ್ಮ ಮನಸ್ಸಿನಂತೆ ನಡೆದರು.

ಕಲ್ಲೋಳಿಗೆ ಬಂದವನೇ ಕಾಕಾನ ಪಡಸಾಲೆಗೆ ನುಗ್ಗಿದೆ. ಅವರು ಅಂದಿನ ಪೇಪರನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ದಾರಿ ನೋಡುತ್ತ ಕೂತಿದ್ದರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಹಿರಿಯರು ಎಂದು ನೋಡಲಿಲ್ಲ. ಅವರು ಎಲ್ಲ ಕೇಳಿ, "ಅದರಾಗ ಸುಳ್ಳು ಏನರೆ ಬರದೀನೇನು?" ಎಂದರು. ಸುಳ್ಳೇನೂ ಇರಲಿಲ್ಲ. ಅದೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. "ಓದಿ ಹೇಳಿದವರು ಯಾರು?" ಎಂದು ಕೇಳಿದರು. ಹೇಳಿದೆ. "ಪೂರ್ತಿ ಓದಿದರಾ?" ಎಂದರು. ಪೂರ್ತಿ ಓದದೆ ಏನು ಉಳಿಸಿದರು ಎಂದು ನಾನು ಕೂಗಾಡಿದೆ. ನನ್ನ ಗಲಾಟೆಯಲ್ಲಿ ವಕೀಲರ ಷರತ್ತನ್ನೂ ಕೇಳಿಸಿಕೊಂಡು ಅಪ್ಪ ಬಂದ. ಹೆಗಲ ಕಂಬಳಿ ತೆಗೆದು ಹೊಸ್ತಿಲ ಹೊರಗೇ ಹಾಸಿ ಕೂತು, ಯಾರ ಮೇಲೂ ಸಿಟ್ಟು ಮಾಡದೆ ಹೇಳಿದ: "ಪಂತರ, ಹುಡುಗ ಮೋಡಿ ಕಲೀಬೇಕಂತ. ಈ ಊರಾಗ ನಿಮ್ಮನ್ನ ಬಿಟ್ರ ಅದು ಯಾರಿಗೂ ಬರಂಗಿಲ್ಲ. ನೀವ ಕಲಸ್ರಿ." ಕಾಕಾ ಪೇಪರನ್ನು ಮಡಚಿ ಬದಿಗಿಟ್ಟರು. "ನಾಳೆ ಮುಂಜಾನೆ ಹಲಗೀ ಮ್ಯಾಲ ಉಸುಕು ಹಾಕ್ಕೊಂಡು ಬಾ" ಎಂದಷ್ಟೇ ಅಂದರು.

ಕಣ್ಣಿಲ್ಲದ ಗುರು, ಸಿಟ್ಟಿನ ಶಿಷ್ಯ. ನಾನು ಹಲಗೆಯ ಮೇಲೆ ಹರಡಿದ ಮರಳಿನಲ್ಲಿ ಅಕ್ಷರ ಬರೆಯುವುದು, ಅವರು ಬೆರಳಿನಿಂದ ಆ ತಗ್ಗನ್ನು ಸವರಿ ತಪ್ಪು ಹಿಡಿಯುವುದು. ಹದಿನೈದು ದಿನ ಮುಂಜಾನೆಯಿಂದ ಮಧ್ಯಾಹ್ನದತನಕ ಇದೇ. ಮೊದಲ ವಾರ ನಾನು ಪಾಠಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದೆ. ಆದರೆ ಒಂದು ಮಾತು ಒಪ್ಪಬೇಕು. ಅವರು ಕಲಿಸುವುದರಲ್ಲಿ ಒಂದು ದಿನವೂ ಕಳ್ಳತನ ಮಾಡಲಿಲ್ಲ. ಒಂದೊಂದು ಅಕ್ಷರ ಕಲಿಸಿದಂತೆಲ್ಲ ತಮ್ಮ ಸಂಜೆಯ ಪೇಪರು ಒಂದೊಂದು ಹೆಜ್ಜೆ ದೂರ ಹೋಗುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ಆದರೂ ನನ್ನ ತಪ್ಪನ್ನು ಹಾಗೇ ಬಿಡಲಿಲ್ಲ. ಅದಕ್ಕೇ ಎರಡನೆಯ ವಾರ ನಾನು ಸೋತು, ಸಂಜೆ ಮತ್ತೆ ಪೇಪರ್ ಓದತೊಡಗಿದೆ.

ಹದಿನಾರನೆಯ ದಿನ ಹುಕ್ಕೇರಿಯಲ್ಲಿ ವಕೀಲರು ಒಂದು ಹಳೆಯ ಖರೀದಿಪತ್ರ ಎಸೆದು ಓದು ಎಂದರು. ಓದಿದೆ. ಎರಡು ಕಡೆ ತಪ್ಪಿದೆ, ನಾಲ್ಕು ಸಲ ಬೈಸಿಕೊಂಡೆ. ನೌಕರಿ ಸಿಕ್ಕಿತು. ಹಿಂಡು ನನ್ನನ್ನು ಬಿಟ್ಟು ಹೊರಟಿತು. ಕುರಿಗಳಿಗೂ ಸಮಾಧಾನವಾಗಿರಬೇಕು. ಭಾನುವಾರ ಊರಿಗೆ ಹೋದಾಗ ಕಾಕಾ ವಾರದ ಏಳೂ ಪೇಪರುಗಳನ್ನು ಕೂಡಿಸಿಟ್ಟು ಕೂತಿರುತ್ತಿದ್ದರು. ಯಾರಾದರೂ ನಡುವೆ ಸುದ್ದಿ ಹೇಳಲು ಬಂದರೆ, "ಮಾಯಪ್ಪ ಬಂದು ಓದೋತನಕ ಅದು ಆಗಿಲ್ಲ" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದರಂತೆ. ಸೋಮವಾರ ಬಿದ್ದ ಮಂತ್ರಿಗಳು ಅವರ ಪಾಲಿಗೆ ಭಾನುವಾರ ಬೀಳುತ್ತಿದ್ದರು. ಎಂಟು ವರ್ಷ ಹೀಗೆ ನಡೆಯಿತು. ಮೂರು ವರ್ಷದ ಹಿಂದೆ ಒಂದು ಭಾನುವಾರ ನಾನು ಹೋದಾಗ ಪೇಪರುಗಳು ಇದ್ದವು, ಅವರು ಇರಲಿಲ್ಲ. ಏಳೂ ಪೇಪರುಗಳನ್ನು ನಾನು ಒಬ್ಬನೇ ಕೂತು ಓದಿದೆ. ಉತ್ತರ ಕೊಡುವವರಿಲ್ಲದೆ ಅರ್ಧ ತಾಸಿನಲ್ಲಿ ಮುಗಿದವು.

ಇನ್ನು ಹೋದ ತಿಂಗಳ ಸಂಗತಿ. ಕಚೇರಿಗೆ ಸುಣ್ಣ ಹಚ್ಚಿಸಲು ಹಳೆಯ ಕಾಗದದ ಗಂಟುಗಳನ್ನು ಇಳಿಸುತ್ತಿದ್ದೆ. ಒಂದು ಗಂಟಿನಿಂದ ಹಾಳೆಯೊಂದು ಜಾರಿತು. ಗೆರೆ ನೋಡಿದ ಕೂಡಲೇ ಕೈ ಯಾರದೆಂದು ಗೊತ್ತಾಯಿತು. ಹನ್ನೊಂದು ವರ್ಷದ ಮೇಲೆ ಆ ಕಾಗದವನ್ನು ನಾನು ಮೊದಲ ಸಲ ನನ್ನ ಕಣ್ಣಿನಿಂದ ಓದಿದೆ. ಕೆಲಸ ಕೊಡಬಾರದು, ಕುರ್ಚಿ, ಚಹಾ, ಮೊಣಕಾಲು, ಎಲ್ಲ ಇದ್ದವು. ಹಾಳೆ ಹೊರಳಿಸಿದೆ. ವಕೀಲರು ಅಂದು ಓದಿ ಹೇಳದ ಅರ್ಧ ಪುಟ ಅಲ್ಲಿತ್ತು.

"ಇಷ್ಟು ಬರೆದ ಮೇಲೆ ನನ್ನ ಮನಸ್ಸಿಗೆ ಹೇಸಿಕೆಯಾಗಿದೆ. ಇದು ನನ್ನ ಸ್ವಾರ್ಥ. ಆದರೆ ಹರಿದುಹಾಕಲು ಕೈ ಬರುತ್ತಿಲ್ಲ. ಇದನ್ನು ಓದಿದವರೊಳಗೆ ಯಾರಾದರೊಬ್ಬರು ಈ ಹುಡುಗನ ಮುಖ ನೋಡಿ, ನನ್ನ ಮಾತು ಮೀರಿ, ಇದರಲ್ಲಿ ಏನಿದೆ ಎಂದು ಅವನಿಗೆ ಹೇಳಿದರೆ ಅವರೇ ಇವನಿಗೆ ತಕ್ಕ ಯಜಮಾನರು. ಅವರ ಹತ್ತಿರವೇ ಇವನು ಇರಲಿ. ಅವರಿಗೆ ನನ್ನ ವಿನಂತಿ: ಕುರ್ಚಿ ಕೊಡಬೇಡಿರಿ, ಚಹಾ ಕೊಡಬೇಡಿರಿ. ಬೈಯಿರಿ. ಸವಿಮಾತು ಕೇಳಿದರೆ ಇವನು ಬಂದ ಕೆಲಸ ಮರೆಯುತ್ತಾನೆ. ಇವನಿಗೆ ಮೋಡಿ ಬರುವುದಿಲ್ಲ. ನನ್ನ ಕಡೆಗೆ ಕಳಿಸಿರಿ, ನಾನು ಕಲಿಸುತ್ತೇನೆ."

ನಾನು ಏಣಿಯ ಮೇಲಿದ್ದೆ. ಹೇಗೆ ಇಳಿದೆನೋ ಗೊತ್ತಿಲ್ಲ. ಸುಣ್ಣದ ಬಕೆಟ್ಟಿನಲ್ಲಿ ಒಂದು ಕಾಲಿಟ್ಟದ್ದು ಆಮೇಲೆ ತಿಳಿಯಿತು. ಬೈಗುಳವೂ ಕಾಗದದಲ್ಲೇ ಇತ್ತು! ಹನ್ನೊಂದು ವರ್ಷ ಊರ ತುಂಬ ನಾನು ಸಾರಿದ ಸಿದ್ಧಾಂತವನ್ನು ಆ ಮುದುಕ ಅರ್ಧ ಪುಟದಲ್ಲಿ ಮೊದಲೇ ಬರೆದಿಟ್ಟಿದ್ದ. ನಾನು ಯಾರನ್ನೂ ಗುರುತಿಸಿರಲಿಲ್ಲ. ಗುರುತಿಸಿದವರು ಕಣ್ಣು ಕಾಣದ ಕಾಕಾ. "ಪೂರ್ತಿ ಓದಿದರಾ?" ಎಂದು ಅವರು ಅಂದು ಏಕೆ ಕೇಳಿದರು ಎಂಬುದು ಈಗ ತಿಳಿಯಿತು. ಎಂಟು ವರ್ಷದ ಭಾನುವಾರಗಳಲ್ಲಿ ಒಂದು ದಿನವೂ ಅವರು ಈ ಮಾತು ಎತ್ತಲಿಲ್ಲ. ಅಂಥವರಿಗೆ ಅಂದು ನಾನು ಅಷ್ಟು ಬೈದಿದ್ದೆ! ಸುಣ್ಣದ ಕಾಲಿನಲ್ಲಿಯೇ ವಕೀಲರ ಕೋಣೆಗೆ ಹೋಗಿ ಕಾಗದವನ್ನು ಮುಂದಿಟ್ಟೆ.

"ಸಾಹೇಬ್ರ, ನೀವು ನನ್ನ ಬೈದದ್ದೂ ಇದರಾಗ ಬರದದ್ದಕ್ಕೇನ್ರಿ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಇದನ್ನ ಓದಿದ ದಿನಾ ಬೈದದ್ದು ಇದಕ್ಕ. ಉಳಿದ ಹನ್ನೊಂದು ವರ್ಷದ್ದು ನನ್ನ ಸ್ವಂತದ್ದು. ಕಾಲು ತೊಳ್ಕೊಂಡು ಬಾ, ಕತ್ತಿ" ಎಂದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದೇ ವಾರ ಕಚೇರಿಗೆ ಇನ್ನೊಬ್ಬ ಕಾರಕೂನ ಬೇಕೆಂದು, ಬಂದವರನ್ನು ನೋಡುವ ಕೆಲಸವನ್ನು ಸಾಹೇಬರು ನನಗೆ ವಹಿಸಿದರು. ಹಿಡಕಲ್ ಕಡೆಯ ತರುಣನೊಬ್ಬ ಬಂದ. ಕಾಲರು ಹಿಗ್ಗಿದ ಅಂಗಿ, ಎದೆಗೊತ್ತಿ ಹಿಡಿದ ಚೀಲ, ಬಾಗಿಲಲ್ಲಿ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ. ಅಕ್ಷರ ನೋಡಿದೆ, ಮುತ್ತಿನಂತಿತ್ತು. ನನ್ನ ಕರುಳು ಚುರ್ ಎಂದಿತು. ಈ ಸಲ ಯಾವ ಸಿದ್ಧಾಂತವೂ ಬೇಡ, ಯಾರ ಕಾಗದವೂ ಬೇಡ, ನನ್ನ ಮನಸ್ಸಿಗೆ ಬಂದಂತೆ ನಡೆಯೋಣ ಎಂದುಕೊಂಡೆ. ನನ್ನ ಮನಸ್ಸಿಗೆ ಬಂದದ್ದು ಏನೆಂದರೆ ಅವನಿಗೆ ಕುರ್ಚಿ ಕೊಡಬೇಕು ಎಂದು. ಕೊಟ್ಟೆ. ಅವನ ಮುಖ ಸಪ್ಪಗಾಯಿತು. ನಮ್ಮ ಜವಾನ ದಸ್ತಗೀರನನ್ನು ಕರೆದು ಎರಡು ಚಹಾ ಹೇಳಿದೆ. ಹುಡುಗನ ಹಣೆಯಲ್ಲಿ ಬೆವರೊಡೆಯಿತು. ಪಾಪ, ಅಂಜಿದ್ದಾನೆ ಎಂದು ಇನ್ನಷ್ಟು ಮೃದುವಾಗಿ, "ಮನ್ಯಾಗ ಅವ್ವ ಅರಾಮ ಅದಾಳಪ್ಪಾ?" ಎಂದೆ. ಅವನು ದಿಗ್ಗನೆ ಎದ್ದು ಚೀಲ ಎತ್ತಿಕೊಂಡ. "ಆತ್ರಿ ಸಾಹೇಬ್ರ, ತಿಳೀತ್ರಿ. ಬ್ಯಾರೆ ಕಡಿ ನೋಡ್ಕೋತೇನ್ರಿ" ಎಂದು ಕೈಮುಗಿದು ಹೊರಟೇಹೋದ.

ನಾನು ಬೆಪ್ಪಾಗಿ ಕೂತಿದ್ದೆ. ದಸ್ತಗೀರ ಎರಡು ಚಹಾ ಹಿಡಿದು ಬಂದು ಖಾಲಿ ಕುರ್ಚಿ ನೋಡಿದ. "ಏನ ಮಾಡಿದ್ರಿ ಮಾಯಪ್ಪಣ್ಣಾರ? ನೀವ ಕ್ಷೌರದ ಅಂಗಡ್ಯಾಗ ಹೇಳಿದ್ದು ಊರಿಗೆಲ್ಲಾ ಗೊತ್ತೈತಿ. ಅಂವಾ ಬರೂವಾಗ ನಾನೂ ಬಾಗಿಲದಾಗ ಅದನ್ನ ಹೇಳಿ ಕಳಿಸೀನಿ. ಅಂಥಾದ್ರಾಗ ಕುರ್ಚಿನೂ ಕೊಟ್ರಿ, ಚಹಾನೂ ತರಿಸಿದ್ರಿ, ಅವ್ವನ್ನೂ ಕೇಳಿದ್ರಿ. ಅಂವಾ ಮತ್ತ ಕೂಡ್ತಾನೇನ್ರಿ?" ಎಂದ. ಒಳಗಿನ ಕೋಣೆಯಿಂದ ಸಾಹೇಬರ ಧ್ವನಿ ಬಂತು: "ಅಕ್ಷರ ಚಲೋ ಐತಿ ಅವಂದು. ಹೋಗು, ಬೈದು ಕರಕೊಂಡು ಬಾ."

ಬಸ್ ಸ್ಟ್ಯಾಂಡಿಗೆ ಓಡಿದೆ. ಕಚೇರಿಯಲ್ಲಿ ಕೂತು ಬೆಳೆಸಿದ ನನ್ನ ಹೊಟ್ಟೆಗೆ ಒಗ್ಗದ ಓಟ. ಅವನು ಬಸ್ಸಿನಲ್ಲಿ ಕಿಟಕಿಯ ಹತ್ತಿರ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಣ್ಣು ಕೆಂಪಾಗಿದ್ದವು. ಬೈಯಬೇಕೆಂದು ಬಾಯಿ ತೆರೆದೆ. ಬರಲಿಲ್ಲ. ಹನ್ನೊಂದು ವರ್ಷ ಬೈಸಿಕೊಂಡವನಿಗೆ ಬೈದು ರೂಢಿಯಿರಲಿಲ್ಲ. ಕೊನೆಗೆ ನೆನಪಿನಲ್ಲಿದ್ದುದನ್ನೇ ತೆಗೆದೆ. "ಕತ್ತೀ!" ಎಂದು ಕೂಗಿದೆ. ಇಡೀ ಬಸ್ಸು ನನ್ನ ಕಡೆ ತಿರುಗಿತು. "ಚಹಾ ತರಿಸಿದ್ರ ಕುಡೀದ ಎದ್ದು ಬರ್ತೀಯೇನ? ಇಳಿ ಕೆಳಗ! ನಾಳೆ ಮುಂಜಾನೆ ಬಾಗಿಲಾ ತಗಿಯೂದರಾಗ ಬಂದು ನಿಂದರಲಿಲ್ಲಂದ್ರ ನೋಡು!" ಆ ಹುಡುಗನ ಮುಖ ಅರಳಿದ್ದನ್ನು ನಾನು ಏನೆಂದು ಹೇಳಲಿ. ಕಂಡಕ್ಟರನನ್ನು ತಳ್ಳಿಕೊಂಡು ಇಳಿದು ಬಂದು ನನ್ನ ಕಾಲಿಗೆ ಬಿದ್ದ.

ಈಗ ಅವನು ನನ್ನ ಎದುರಿನ ಮೇಜಿನಲ್ಲಿ ಕೂತು ಬರೆಯುತ್ತಿದ್ದಾನೆ. ಮಾಯಪ್ಪಣ್ಣನಂಥ ಅಂತಃಕರಣದವರು ಸಿಗುವುದಿಲ್ಲ ಎಂದು ಊರೆಲ್ಲ ಹೇಳುತ್ತಾನಂತೆ. ಅವನ ನಂಬಿಕೆ ಉಳಿಸಲು ನಾನು ದಿನಕ್ಕೆ ಎರಡು ಸಲ ಅವನನ್ನು ಗದರಬೇಕಾಗಿದೆ. ಮನೆಗೆ ಬಂದಮೇಲೆ ಗಂಟಲಿಗೆ ಬಿಸಿನೀರು ಬೇಕಾಗುತ್ತದೆ. ಅವನ ಅವ್ವ ಹೇಗಿದ್ದಾಳೆ ಎಂದು ಕೇಳಬೇಕೆಂದು ದಿನಾ ಬಾಯಿಗೆ ಬರುತ್ತದೆ. ಇನ್ನೂ ಧೈರ್ಯ ಬಂದಿಲ್ಲ.